ಸಮಮಿತಿಯ ಅಪ್ಪಣೆ: ಆಂಟಿಫೆರೋಮ್ಯಾಗ್ನೆಟಿಕ್ ಕಬ್ಬಿಣ ಸಂಯುಕ್ತಗಳ ಕಾಂತವಿದ್ಯುತ್ ವರ್ತನೆ



ಸಾಮಾನ್ಯ ಓದುಗರಿಗೂ ವಿಜ್ಞಾನದ ವಿದ್ಯಾರ್ಥಿಗಳಿಗೂ ಒಟ್ಟಿಗೆ ಸಲ್ಲುವಂಥ ವಿಷಯವೊಂದನ್ನು ಕನ್ನಡದಲ್ಲಿ ಮಂಡಿಸಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಅದಕ್ಕಾಗಿ ನಾನು ಆರಿಸಿಕೊಂಡಿರುವ ಪ್ರಶ್ನೆ ಕೇಳಲು ಸರಳ. ಒಂದು ಹರಳನ್ನು ತೆಗೆದುಕೊಂಡು ಅದರ ಎರಡು ಮುಖಗಳ ನಡುವೆ ವೋಲ್ಟೇಜ್ ಕೊಡುತ್ತೇವೆ. ಸುತ್ತ ತಂತಿಯ ಸುರುಳಿ ಇಲ್ಲ, ಹರಳು ವಿದ್ಯುತ್ ನಿರೋಧಕವಾದ್ದರಿಂದ ಒಳಗೆ ಪ್ರವಾಹವೂ ಹರಿಯುವುದಿಲ್ಲ. ಆದರೂ ಆ ಹರಳು ಕಾಂತವಾಗಬಲ್ಲದೇ? ಅದನ್ನೇ ಕಾಂತಕ್ಷೇತ್ರದಲ್ಲಿ ಇಟ್ಟರೆ ಮುಖಗಳ ಮೇಲೆ ವಿದ್ಯುದಂಶ ಮೂಡಬಲ್ಲದೇ?

ಕೆಲವು ಹರಳುಗಳಲ್ಲಿ ಆಗುತ್ತದೆ, ಹೆಚ್ಚಿನವುಗಳಲ್ಲಿ ಆಗುವುದಿಲ್ಲ. ಯಾವುದರಲ್ಲಿ ಆಗುತ್ತದೆ ಎಂಬುದನ್ನು ಕಾಂತತೆಯ ಬಲ ತೀರ್ಮಾನಿಸುವುದಿಲ್ಲ, ಪರಮಾಣುಗಳ ಜೋಡಣೆಯ ಸಮಮಿತಿ ತೀರ್ಮಾನಿಸುತ್ತದೆ. ಸಮಮಿತಿ ಅಪ್ಪಣೆ ಕೊಡದಿದ್ದರೆ ಎಷ್ಟೇ ವೋಲ್ಟ್ ಸುರಿದರೂ ಈ ಪರಿಣಾಮ ಕಾಣಿಸದು. ಕಬ್ಬಿಣದ ಕೆಲವು ಸಂಯುಕ್ತಗಳನ್ನು ಮುಂದಿಟ್ಟುಕೊಂಡು ಇದನ್ನು ತೋರಿಸುವುದು ಇಂದಿನ ಉಪನ್ಯಾಸದ ಉದ್ದೇಶ.

1. ಅರವತ್ತು ವರ್ಷ ಕಾದ ಪ್ರಶ್ನೆ

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಅವರು ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡರು. 1831ರಲ್ಲಿ ಫ್ಯಾರಡೆ ಅವರು ಬದಲಾಗುವ ಕಾಂತಕ್ಷೇತ್ರದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದನ್ನು ತೋರಿಸಿಕೊಟ್ಟರು. ಪಿಯುಸಿಯಲ್ಲಿ ನಾವೆಲ್ಲ ಓದಿದ ಸಂಗತಿಗಳಿವು. ಎರಡರಲ್ಲೂ ಏನಾದರೊಂದು ಹರಿಯಬೇಕು ಇಲ್ಲವೇ ಬದಲಾಗುತ್ತಿರಬೇಕು. ಅಲುಗದೆ ನಿಂತ ವಿದ್ಯುತ್ ಕ್ಷೇತ್ರಕ್ಕೂ ಅಲುಗದೆ ನಿಂತ ಕಾಂತತೆಗೂ ನೇರ ನಂಟು ಇಲ್ಲವೆಂಬುದು ಅಲ್ಲಿಂದ ನಮ್ಮಲ್ಲಿ ಬೇರೂರುವ ತಿಳಿವಳಿಕೆ.

ಅಂಥ ನಂಟು ಹರಳಿನೊಳಗೆ ಸಾಧ್ಯವಿರಬಹುದೆಂದು 1894ರಲ್ಲಿ ಬರೆದವರು ಪಿಯರ್ ಕ್ಯೂರಿ. ರೇಡಿಯಂನಿಂದ ಅವರ ಹೆಸರು ಮನೆಮಾತಾದದ್ದು ಆಮೇಲೆ. ಆಗ ಅವರು ಭೌತ ವಿದ್ಯಮಾನಗಳಿಗೂ ಸಮಮಿತಿಗೂ ಇರುವ ಸಂಬಂಧವನ್ನು ಕುರಿತು ಆಲೋಚಿಸುತ್ತಿದ್ದರು. ಒಂದು ವಿದ್ಯಮಾನ ನಡೆಯಬೇಕಾದರೆ ಕೆಲವು ಸಮಮಿತಿಗಳು ಮುರಿದಿರಲೇಬೇಕು ಎಂಬುದು ಅವರ ಮುಖ್ಯ ವಾದ. ತಕ್ಕಷ್ಟು ಸಮಮಿತಿ ಕಳೆದುಕೊಂಡ ಹರಳು ವಿದ್ಯುತ್ ಕ್ಷೇತ್ರದಿಂದ ಕಾಂತವಾಗಬಹುದು ಎಂಬ ಊಹೆ ಅದರಿಂದಲೇ ಬಂತು. 1926ರಲ್ಲಿ ಡಿಬೈ ಅವರು ಇದಕ್ಕೆ ಕಾಂತವಿದ್ಯುತ್ ಪರಿಣಾಮವೆಂಬ ಹೆಸರು ಕೊಟ್ಟರು. ಹೆಸರು ಬಂದರೂ ಪದಾರ್ಥ ಸಿಗಲಿಲ್ಲ. ಹುಡುಕಿದವರು ಬರಿಗೈಯಲ್ಲಿ ಮರಳಿದರು. ಎಲ್ಲಿ ಹುಡುಕಬೇಕೆಂದು ಹೇಳುವ ನಿಯಮದ ಅರ್ಧಭಾಗ ಇನ್ನೂ ಯಾರ ಕೈಗೂ ಸಿಕ್ಕಿರಲಿಲ್ಲ. ಆ ಅರ್ಧಭಾಗ ಯಾವುದೆಂದು ಈಗ ನೋಡೋಣ.

2. ಎರಡು ಬಾಣಗಳ ಎರಡು ಸ್ವಭಾವ

ಹರಳಿನೊಳಗೆ ಧನ ಮತ್ತು ಋಣ ವಿದ್ಯುದಂಶಗಳು ಒಂದರಿಂದೊಂದು ತುಸು ಸರಿದರೆ ಧ್ರುವೀಕರಣ ಉಂಟಾಗುತ್ತದೆ. ಋಣದಿಂದ ಧನದ ಕಡೆಗೆ ತೋರುವ ಬಾಣವಾಗಿ ಅದನ್ನು ಬರೆಯುತ್ತೇವೆ. ಕಾಂತೀಕರಣವನ್ನೂ ಬಾಣವಾಗಿಯೇ ಬರೆಯುತ್ತೇವೆ. ಬರೆಯುವ ರೀತಿ ಒಂದೇ ಆದರೂ ಈ ಬಾಣಗಳ ಸ್ವಭಾವ ಬೇರೆ. ಎರಡು ಪರೀಕ್ಷೆಗಳಲ್ಲಿ ಅದು ತಿಳಿಯುತ್ತದೆ.

ಮೊದಲನೆಯದು ವಿಲೋಮ. ಒಂದು ಕೇಂದ್ರವನ್ನು ಗುರುತಿಸಿ, ಅದರ ಒಂದು ಬದಿಯಲ್ಲಿರುವ ಪ್ರತಿಯೊಂದು ಬಿಂದುವನ್ನೂ ಅಷ್ಟೇ ದೂರದ ಎದುರು ಬದಿಗೆ ಒಯ್ಯುವುದು. ಹೀಗೆ ಮಾಡಿದರೆ ಧನ ಇದ್ದಲ್ಲಿಗೆ ಋಣ, ಋಣ ಇದ್ದಲ್ಲಿಗೆ ಧನ ಬಂದು ಧ್ರುವೀಕರಣದ ಬಾಣ ತಿರುಗಿಬೀಳುತ್ತದೆ. ಕಾಂತೀಕರಣದ ಬಾಣ ಹಾಗೇ ಉಳಿಯುತ್ತದೆ. ಕಾಂತೀಕರಣವನ್ನು ಸುತ್ತುವ ಪ್ರವಾಹವೆಂದು ಎಣಿಸಿ ನೋಡಿ. ವಿಲೋಮದಲ್ಲಿ ವಿದ್ಯುದಂಶದ ಸ್ಥಾನವೂ ವೇಗವೂ ಒಟ್ಟಿಗೆ ತಿರುಗುವುದರಿಂದ ಸುತ್ತಿನ ದಿಕ್ಕು ಬದಲಾಗದು.

ಎರಡನೆಯದು ಕಾಲವಿಲೋಮ, ಎಂದರೆ ಚಲನೆಯನ್ನೆಲ್ಲ ಹಿಂದುಮುಂದಾಗಿಸುವುದು. ಇಲ್ಲಿ ಸುತ್ತುವ ಪ್ರವಾಹ ದಿಕ್ಕು ಬದಲಿಸುತ್ತದೆ, ಆದ್ದರಿಂದ ಕಾಂತೀಕರಣದ ಬಾಣ ತಿರುಗುತ್ತದೆ. ನಿಂತ ವಿದ್ಯುದಂಶಗಳಿಗೆ ಕಾಲ ಹಿಂದೆ ಓಡಿದರೂ ಒಂದೇ, ಮುಂದೆ ಓಡಿದರೂ ಒಂದೇ. ಧ್ರುವೀಕರಣದ ಬಾಣ ಕದಲುವುದಿಲ್ಲ.

ವಿದ್ಯುತ್ ಕ್ಷೇತ್ರಕ್ಕೂ ಕಾಂತಕ್ಷೇತ್ರಕ್ಕೂ ಇದೇ ನಿಯಮ. ಕಾಂತವಿದ್ಯುತ್ ಪರಿಣಾಮವಿರುವ ಹರಳಿನ ಶಕ್ತಿಯ ಲೆಕ್ಕದಲ್ಲಿ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಮತ್ತು ಹರಳಿನದೇ ಆದ ಒಂದು ಗುಣಾಂಕ, ಈ ಮೂರರ ಗುಣಲಬ್ಧ ಬರುತ್ತದೆ. ಆ ಗುಣಾಂಕವನ್ನು ಆಲ್ಫಾ ಎನ್ನುತ್ತಾರೆ. ವಿಲೋಮ ಮಾಡಿದರೂ ಹರಳು ಮೊದಲಿನಂತೆಯೇ ಕಂಡರೆ ಏನಾಗುತ್ತದೆ? ವಿದ್ಯುತ್ ಕ್ಷೇತ್ರದ ಚಿಹ್ನೆ ಬದಲಾಗುತ್ತದೆ, ಕಾಂತಕ್ಷೇತ್ರದ್ದು ಬದಲಾಗುವುದಿಲ್ಲ, ಗುಣಲಬ್ಧದ ಚಿಹ್ನೆ ತಿರುಗುತ್ತದೆ. ಹರಳು ಅದೇ ಆಗಿರುವಾಗ ಶಕ್ತಿ ಎರಡು ಬೆಲೆ ಹೇಳುವಂತಿಲ್ಲ. ಆದ್ದರಿಂದ ಆಲ್ಫಾ ಸೊನ್ನೆಯಾಗಲೇಬೇಕು. ಹರಳಿಗೆ ಕಾಲವಿಲೋಮದ ಸಮಮಿತಿ ಇದ್ದರೂ ಇದೇ ತೀರ್ಪು. ಈ ಎರಡರಲ್ಲಿ ಒಂದೂ ಉಳಿದಿರಬಾರದು. ಆದರೆ ಎರಡನ್ನೂ ಒಟ್ಟಿಗೆ ಮಾಡಿದಾಗ ಹರಳು ಮೊದಲಿನಂತಾದರೆ ತೊಂದರೆಯಿಲ್ಲ. ಎರಡು ಕ್ಷೇತ್ರಗಳೂ ಚಿಹ್ನೆ ಬದಲಿಸಿ ಗುಣಲಬ್ಧ ಹಾಗೇ ನಿಲ್ಲುತ್ತದೆ, ಆಲ್ಫಾ ಬದುಕಿಕೊಳ್ಳುತ್ತದೆ.

ಹಿಂದಿನವರ ಕೈಗೆ ಸಿಗದ ಅರ್ಧಭಾಗ ಈ ಕಾಲವಿಲೋಮವೇ. ಕಾಂತಕ್ರಮವಿಲ್ಲದ, ಎಂದರೆ ಪರಮಾಣುಗಳ ಪುಟ್ಟ ಕಾಂತಗಳು ಕ್ರಮವಾಗಿ ಸಾಲುಗೊಳ್ಳದ, ಸಾಮಾನ್ಯ ಹರಳಿನಲ್ಲಿ ಕಾಲವಿಲೋಮದ ಸಮಮಿತಿ ಮುರಿಯುವುದೇ ಇಲ್ಲ, ಹಾಗಾಗಿ ಅಲ್ಲಿ ಈ ಪರಿಣಾಮಕ್ಕೆ ಎಡೆಯಿಲ್ಲ. ಶುದ್ಧ ಕಬ್ಬಿಣದಲ್ಲಿ ಕಾಂತತೆ ಬೇಕಾದಷ್ಟಿದೆ, ಆದರೆ ಅದರ ಹರಳಿಗೆ ವಿಲೋಮ ಸಮಮಿತಿ ಇದೆ. ಅದೂ ಅಲ್ಲದೆ ಲೋಹದ ಒಡಲಿನಲ್ಲಿ ವಿದ್ಯುತ್ ಕ್ಷೇತ್ರ ನಿಲ್ಲುವುದಿಲ್ಲ.

3. ಹೊರಗೆ ತೋರದ ಕಾಂತತೆ

ಇಲ್ಲಿಗೆ ಆಂಟಿಫೆರೋಮ್ಯಾಗ್ನೆಟ್‌ಗಳ ಪ್ರವೇಶ. ಇವುಗಳೊಳಗೆ ಪ್ರತಿ ಕಬ್ಬಿಣದ ಅಯಾನೂ ಒಂದು ಪುಟ್ಟ ಕಾಂತವೇ. ಆದರೆ ಅರ್ಧದಷ್ಟು ಮೇಲಕ್ಕೆ, ಅರ್ಧದಷ್ಟು ಕೆಳಕ್ಕೆ ಮುಖ ಮಾಡಿರುವುದರಿಂದ ಜಮಾ ಖರ್ಚು ಸರಿಹೋಗಿ ಹೊರಗೆ ಶಿಲ್ಕು ಸೊನ್ನೆ. ಇಂಥ ಕ್ರಮವಿರಬಹುದೆಂದು 1930ರ ದಶಕದಲ್ಲಿ ಫ್ರಾನ್ಸಿನ ಲೂಯಿ ನೀಲ್ ಅವರು ಸಿದ್ಧಾಂತ ಕಟ್ಟಿದರು. ಕಣ್ಣಿಗೆ ಕಾಣುವ ಪುರಾವೆ ಸಿಕ್ಕಿದ್ದು 1949ರಲ್ಲಿ, ಅಮೆರಿಕದ ಶಲ್ ಮತ್ತು ಸ್ಮಾರ್ಟ್ ಅವರು ಮ್ಯಾಂಗನೀಸ್ ಆಕ್ಸೈಡ್ ಮೇಲೆ ನ್ಯೂಟ್ರಾನ್ ಕಿರಣ ಹಾಯಿಸಿದಾಗ. ನ್ಯೂಟ್ರಾನ್ ಸ್ವತಃ ಒಂದು ಸಣ್ಣ ಕಾಂತವಾದ್ದರಿಂದ ಎಕ್ಸ್ ಕಿರಣಕ್ಕೆ ಸುಲಭವಾಗಿ ಕಾಣದ ಮೇಲು–ಕೆಳಗಿನ ವ್ಯತ್ಯಾಸ ಅದಕ್ಕೆ ಕಾಣುತ್ತದೆ. ನೀಲ್ ಅವರಿಗೆ 1970ರಲ್ಲಿ, ಶಲ್ ಅವರಿಗೆ 1994ರಲ್ಲಿ ನೊಬೆಲ್ ಬಂತು. ಯಾವ ಉಷ್ಣತೆಯ ಮೇಲೆ ಈ ಕ್ರಮ ಕರಗಿಹೋಗುತ್ತದೋ ಅದಕ್ಕೆ ನೀಲ್ ಉಷ್ಣತೆ ಎಂದೇ ಹೆಸರು.

ಕಬ್ಬಿಣಕ್ಕೆ ಇಲ್ಲಿ ವಿಶೇಷ ಸ್ಥಾನವಿದೆ. ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣದ ಅಯಾನಿನ ಡಿ ಕವಚದಲ್ಲಿ ಐದು ಎಲೆಕ್ಟ್ರಾನ್‌ಗಳು ಉಳಿಯುತ್ತವೆ. ಐದರ ಸ್ಪಿನ್ನೂ, ಎಂದರೆ ಎಲೆಕ್ಟ್ರಾನಿನ ಸಹಜ ಕಾಂತತೆಯ ಬಾಣವೂ, ಒಂದೇ ಕಡೆಗೆ. ಎರಡು ಕಬ್ಬಿಣದ ಅಯಾನುಗಳ ನಡುವೆ ಆಮ್ಲಜನಕವೊಂದು ಹೆಚ್ಚುಕಡಿಮೆ ಸರಳರೇಖೆಯಲ್ಲಿ ನಿಂತರೆ, ಅದರ ಮೂಲಕ ಈ ಎರಡೂ ಒಂದನ್ನೊಂದು ಬಲವಾಗಿ ವಿರುದ್ಧ ದಿಕ್ಕಿಗೆ ನಿಲ್ಲಿಸುತ್ತವೆ. ಆದ್ದರಿಂದ ಇಂಥ ಅಯಾನುಗಳಿರುವ ಹಲವು ಆಕ್ಸೈಡುಗಳಲ್ಲಿ ಈ ಕ್ರಮ ಕೋಣೆಯ ಉಷ್ಣತೆಯನ್ನು ಬಹಳವಾಗಿ ದಾಟಿ ಉಳಿಯುತ್ತದೆ. ಹೆಮಟೈಟ್‌ನ ನೀಲ್ ಉಷ್ಣತೆ ಸುಮಾರು 680 ಡಿಗ್ರಿ ಸೆಲ್ಸಿಯಸ್, ಬಿಸ್ಮತ್ ಮತ್ತು ಕಬ್ಬಿಣಗಳ ಆಕ್ಸೈಡಾದ ಬಿಸ್ಮತ್ ಫೆರೈಟ್‌ನದು ಸುಮಾರು 370. ಪ್ರಯೋಗಾಲಯದ ಆಚೆ ಉಪಯೋಗಕ್ಕೆ ಬರುವ ಪದಾರ್ಥ ಬೇಕೆಂದವರು ಕಬ್ಬಿಣದ ಬಾಗಿಲು ತಟ್ಟುವುದು ಇದಕ್ಕೇ.

4. ನಾಲ್ಕು ಅಯಾನುಗಳ ಲೆಕ್ಕ

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿನೋಡೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಂಡರೆ ಒಳ್ಳೆಯದು.

ಹೆಮಟೈಟ್ ನಮಗೆ ಅಪರಿಚಿತವಲ್ಲ. ಸಂಡೂರು, ಹೊಸಪೇಟೆ, ಬಳ್ಳಾರಿಯ ಕಡೆಯ ಅದಿರು ಮುಖ್ಯವಾಗಿ ಇದೇ. ಎರಡು ಕಬ್ಬಿಣಕ್ಕೆ ಮೂರು ಆಮ್ಲಜನಕ. ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಬ್ಬಿಣದ ಜಾಗದಲ್ಲಿ ಕ್ರೋಮಿಯಂ ಕುಳಿತಿದೆ, ಉಳಿದಂತೆ ಹರಳಿನ ರಚನೆ ಒಂದೇ: ಮಾಣಿಕ್ಯ, ನೀಲಮಣಿಗಳದ್ದೂ ಇದೇ ಕೊರಂಡಂ ರಚನೆ. ಎರಡೂ ಆಂಟಿಫೆರೋಮ್ಯಾಗ್ನೆಟ್‌ಗಳು. ಒಂದರಲ್ಲಿ ಕಾಂತವಿದ್ಯುತ್ ಪರಿಣಾಮ ಇದೆ, ಇನ್ನೊಂದರಲ್ಲಿ ಇಲ್ಲ. ಏಕೆ?

ಕೊರಂಡಂ ರಚನೆಯ ಮೂಲ ಕೋಶದಲ್ಲಿ ನಾಲ್ಕು ಲೋಹದ ಅಯಾನುಗಳು ಒಂದೇ ಅಕ್ಷದ ಮೇಲೆ ಸಾಲಾಗಿವೆ. ಕೆಳಗಿನಿಂದ ಮೇಲಕ್ಕೆ 1, 2, 3, 4 ಎಂದು ಬರೆದುಕೊಳ್ಳಿ. ವಿಲೋಮದ ಕೇಂದ್ರ 2 ಮತ್ತು 3ರ ನಡುವೆ ಇದೆ. ವಿಲೋಮ ಮಾಡಿದರೆ 1 ಹೋಗಿ 4ರ ಜಾಗದಲ್ಲಿ, 2 ಹೋಗಿ 3ರ ಜಾಗದಲ್ಲಿ ಕೂರುತ್ತದೆ.

ಇನ್ನು ಸ್ಪಿನ್‌ಗಳನ್ನು ತುಂಬಿ. ಹೆಮಟೈಟ್‌ನಲ್ಲಿ ಸಾಲು ಹೀಗಿದೆ: ಮೇಲೆ, ಕೆಳಗೆ, ಕೆಳಗೆ, ಮೇಲೆ. ಇಲ್ಲಿ ಮೇಲೆ, ಕೆಳಗೆ ಎಂದರೆ ಪರಸ್ಪರ ವಿರುದ್ಧ ಎಂದಷ್ಟೇ ಅರ್ಥ. ವಿಲೋಮದಿಂದ ಸ್ಪಿನ್ ತಿರುಗುವುದಿಲ್ಲ ಎಂಬುದನ್ನು ಮರೆಯಬೇಡಿ. 1ರ ಮೇಲ್ಮುಖ ಸ್ಪಿನ್ 4ರ ಜಾಗಕ್ಕೆ ಬಂದಾಗ ಅಲ್ಲಿ ಇದ್ದದ್ದೂ ಮೇಲ್ಮುಖವೇ. 2 ಮತ್ತು 3ರದ್ದೂ ಹಾಗೆಯೇ ಸರಿಹೊಂದುತ್ತದೆ. ಕಾಂತಕ್ರಮ ಬಂದ ಮೇಲೂ ಹರಳಿನ ವಿಲೋಮ ಸಮಮಿತಿ ಉಳಿಯಿತು, ಆಲ್ಫಾ ಸೊನ್ನೆ.

ಕ್ರೋಮಿಯಂ ಆಕ್ಸೈಡ್‌ನ ಸಾಲು: ಮೇಲೆ, ಕೆಳಗೆ, ಮೇಲೆ, ಕೆಳಗೆ. ಈಗ 1ರ ಮೇಲ್ಮುಖ ಸ್ಪಿನ್ 4ಕ್ಕೆ ಬಂದರೆ ಅಲ್ಲಿರಬೇಕಾದದ್ದು ಕೆಳಮುಖ. ಹೊಂದಲಿಲ್ಲ, ವಿಲೋಮ ಸಮಮಿತಿ ಮುರಿಯಿತು. ಆದರೆ ಇದರ ಮೇಲೆ ಕಾಲವಿಲೋಮವನ್ನೂ ಮಾಡಿ ಎಲ್ಲ ಸ್ಪಿನ್‌ಗಳನ್ನೂ ತಿರುಗಿಸಿದರೆ ಸಾಲು ಮೊದಲಿನಂತಾಗುತ್ತದೆ. ಎರಡೂ ಬಿಡಿಬಿಡಿಯಾಗಿ ಮುರಿದು ಜೋಡಿಯಾಗಿ ಉಳಿದಿವೆ. ಇದೇ ತಾನೇ ನಮಗೆ ಬೇಕಾದ ಷರತ್ತು? ಇಲ್ಲಿ ಆಲ್ಫಾಗೆ ಅಪ್ಪಣೆ ಇದೆ.

ಇದರ ಭೌತಿಕ ಅರ್ಥವನ್ನೂ ಹೇಳಬೇಕು. ಪ್ರತಿ ಲೋಹದ ಅಯಾನಿನ ಮೇಲೂ ಕೆಳಗೂ ಇರುವ ಆಮ್ಲಜನಕದ ಪದರಗಳು ಸಮದೂರದಲ್ಲಿಲ್ಲ, ಒಂದು ಹತ್ತಿರ, ಒಂದು ದೂರ. 1 ಮತ್ತು 3ಕ್ಕೆ ಹತ್ತಿರದ ಪದರ ಒಂದು ಕಡೆ ಇದ್ದರೆ, 2 ಮತ್ತು 4ಕ್ಕೆ ಅದರ ವಿರುದ್ಧ ಕಡೆ. ಅಕ್ಷದ ಗುಂಟ ವಿದ್ಯುತ್ ಕ್ಷೇತ್ರ ಕೊಟ್ಟಾಗ ನಾಲ್ಕು ಧನ ಅಯಾನುಗಳೂ ಒಂದೇ ದಿಕ್ಕಿಗೆ ತುಸು ಸರಿಯುತ್ತವೆ. ಕ್ರೋಮಿಯಂ ಆಕ್ಸೈಡ್‌ನಲ್ಲಿ ಮೇಲ್ಮುಖದ 1 ಮತ್ತು 3 ಎರಡೂ ಹತ್ತಿರದ ಪದರದ ಕಡೆ ಸರಿದರೆ, ಕೆಳಮುಖದ 2 ಮತ್ತು 4 ಅದರಿಂದ ದೂರ ಸರಿಯುತ್ತವೆ. ಎರಡು ಬಣಗಳ ಪರಿಸರ ಬೇರೆಬೇರೆಯಾಯಿತು, ಮೇಲಿನದೂ ಕೆಳಗಿನದೂ ಇನ್ನು ಸರಿಸಮ ಕಳೆಯಬೇಕಿಲ್ಲ. ಒಂದಿಷ್ಟು ಕಾಂತೀಕರಣ ಹೊರಗೆ ತೋರುತ್ತದೆ. ಹೆಮಟೈಟ್‌ನಲ್ಲಿ ಮೇಲ್ಮುಖದ ಬಣವೆಂದರೆ 1 ಮತ್ತು 4. ಅವುಗಳಲ್ಲಿ ಒಂದು ಹತ್ತಿರ ಸರಿದರೆ ಇನ್ನೊಂದು ದೂರ ಸರಿಯುತ್ತದೆ. ಬಣದ ಒಳಗೇ ಏರುಪೇರು ಅಳಿಸಿಹೋಗಿ ಹೊರಗೆ ಏನೂ ಬರುವುದಿಲ್ಲ.

ಈ ಲೆಕ್ಕ ಪ್ರಯೋಗಕ್ಕಿಂತ ಮೊದಲೇ ನಡೆದಿತ್ತೆಂಬುದು ಗಮನಿಸಬೇಕಾದ ಸಂಗತಿ. ಸೋವಿಯತ್ ಭೌತವಿಜ್ಞಾನಿಗಳಾದ ಲಂಡೌ ಮತ್ತು ಲಿಫ್‌ಶಿಟ್ಸ್ ಅವರು 1950ರ ದಶಕದ ತಮ್ಮ ಪಠ್ಯದಲ್ಲಿ, ಕಾಂತಕ್ರಮವಿರುವ ಹರಳುಗಳಲ್ಲಿ ಇಂಥ ನಂಟು ತಾತ್ವಿಕವಾಗಿ ಸಾಧ್ಯವೆಂದು ಬರೆದಿದ್ದರು. 1959ರಲ್ಲಿ ಅದೇ ಪರಂಪರೆಯ ಜಲೋಶಿನ್‌ಸ್ಕಿ, ಆಗ ಅವರಿಗೆ 28 ವರ್ಷ, ಕ್ರೋಮಿಯಂ ಆಕ್ಸೈಡ್ ಹೆಸರನ್ನೇ ಹಿಡಿದು ಇದರಲ್ಲಿ ನೋಡಿ ಎಂದರು. 1960ರಲ್ಲಿ ಸೋವಿಯತ್ ಒಕ್ಕೂಟದ ಆಸ್ಟ್ರೊವ್ ಅವರು ವಿದ್ಯುತ್ ಕ್ಷೇತ್ರ ಕೊಟ್ಟು ಕಾಂತೀಕರಣವನ್ನು ಅಳೆದರು. ಮರುವರ್ಷ ಅಮೆರಿಕದ ಫೋಲೆನ್, ರಾಡೊ, ಸ್ಟಾಲ್ಡರ್ ಅವರು ಕಾಂತಕ್ಷೇತ್ರ ಕೊಟ್ಟು ಧ್ರುವೀಕರಣವನ್ನು ಅಳೆದರು. ಆಸ್ಟ್ರೊವ್ ಅವರ ಅಳತೆಯ ಹೊತ್ತಿಗೆ ಕ್ಯೂರಿಯವರ ಊಹೆಗೆ ಅರವತ್ತಾರು ವರ್ಷ ತುಂಬಿತ್ತು.

ಅಳೆಯುವಾಗ ಒಂದು ತೊಡಕೂ ಇತ್ತು. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂಬ ಸಾಲಿನಷ್ಟೇ ಕೆಳಗೆ, ಮೇಲೆ, ಕೆಳಗೆ, ಮೇಲೆ ಎಂಬುದೂ ಹರಳಿಗೆ ಸಮ್ಮತ. ಒಂದರ ಆಲ್ಫಾ ಧನವಾದರೆ ಇನ್ನೊಂದರದು ಋಣ. ಹರಳು ತಣಿಯುವಾಗ ಎರಡೂ ಬಗೆಯ ವಲಯಗಳು ಬೆರೆತು ಹುಟ್ಟಿದರೆ ಒಟ್ಟು ಪರಿಣಾಮ ಕುಗ್ಗಿಹೋಗುತ್ತದೆ. ಇದಕ್ಕೆ ಪರಿಹಾರವೆಂದರೆ, ನೀಲ್ ಉಷ್ಣತೆಯ ಮೇಲಿನಿಂದ ಹರಳನ್ನು ತಣಿಸುವಾಗ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಎರಡನ್ನೂ ಒಟ್ಟಿಗೆ ಹಚ್ಚಿಡುವುದು. ಆಗ ಒಂದೇ ಬಗೆಯ ವಲಯ ಗೆಲ್ಲುತ್ತದೆ. ಕ್ರೋಮಿಯಂ ಆಕ್ಸೈಡ್‌ನ ನೀಲ್ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್, ರಾಯಚೂರಿನ ಬೇಸಿಗೆಯ ಮಧ್ಯಾಹ್ನ ಅದನ್ನು ದಾಟಿಬಿಡುತ್ತದೆ.

5. ಹೆಮಟೈಟ್‌ಗೆ ಸಿಕ್ಕ ಬೇರೆ ಪಾಲು

ಹಾಗಾದರೆ ಹೆಮಟೈಟ್ ನಿಷ್ಪ್ರಯೋಜಕವೇ? ಸಮಮಿತಿ ಅದಕ್ಕೆ ಒಂದನ್ನು ನಿರಾಕರಿಸಿ ಇನ್ನೊಂದನ್ನು ಕೊಟ್ಟಿದೆ.

ಶುದ್ಧ ಹೆಮಟೈಟ್ ಕೋಣೆಯ ಉಷ್ಣತೆಯಲ್ಲಿ ಅತಿ ದುರ್ಬಲವಾದ ಕಾಂತತೆ ತೋರಿಸುತ್ತದೆ. ಕುದುರೆಮುಖದಲ್ಲಿ ತೆಗೆಯುತ್ತಿದ್ದ ಮ್ಯಾಗ್ನೆಟೈಟ್‌ನ ಕಾಂತೀಕರಣಕ್ಕೆ ಹೋಲಿಸಿದರೆ ಇದು ಇನ್ನೂರರಲ್ಲಿ ಒಂದು ಪಾಲು. ಮೇಲು–ಕೆಳಗು ಸಮನಾಗಿ ಕಳೆದುಹೋಗುವ ಪದಾರ್ಥದಲ್ಲಿ ಇಷ್ಟಾದರೂ ಎಲ್ಲಿಂದ ಬಂತು? ಮ್ಯಾಗ್ನೆಟೈಟ್‌ನಂಥ ಕಲ್ಮಶ ಸೇರಿರಬೇಕೆಂದು ಹಲವರು ಬಗೆದಿದ್ದರು. ಜಲೋಶಿನ್‌ಸ್ಕಿ ಅವರು ಇದಕ್ಕೂ ಸಮಮಿತಿಯಿಂದಲೇ ಉತ್ತರ ಕೊಟ್ಟರು. ವಿರುದ್ಧ ಸ್ಪಿನ್‌ಗಳಿರುವ 1 ಮತ್ತು 2ರ ನಡುವೆ ವಿಲೋಮದ ಕೇಂದ್ರವಿಲ್ಲ. ಹಾಗಿರುವಾಗ ಆ ಜೋಡಿ ತೀರಾ ನೇರ ವಿರುದ್ಧವಾಗಿ ನಿಲ್ಲದೆ ತುಸು ಓರೆಯಾಗಲು ಅವಕಾಶವಿದೆ. ಓರೆ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಆದರೂ ಹರಳಿನುದ್ದಕ್ಕೂ ಒಂದೇ ಕಡೆಗೆ ಓರೆಯಾಗುವುದರಿಂದ ಒಟ್ಟು ಕಾಂತತೆ ಹೊರಗೆ ಸಿಗುತ್ತದೆ. ಇದರ ಹಿಂದಿನ ಎಲೆಕ್ಟ್ರಾನ್ ಮಟ್ಟದ ಕಾರಣವನ್ನು 1960ರಲ್ಲಿ ಜಪಾನಿನ ಮೊರಿಯ ಅವರು ಬಿಡಿಸಿದರು. ಇಂದು ಈ ಪ್ರಭಾವಕ್ಕೆ ಇಬ್ಬರ ಹೆಸರೂ ಸೇರಿದೆ.

ಅಪ್ಪಣೆಯ ಮಾತು ಇಲ್ಲಿಯೂ ಖಚಿತ. ಸೊನ್ನೆಗಿಂತ ಸುಮಾರು 13 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಾಗ, ಅದುವರೆಗೆ ಅಕ್ಷಕ್ಕೆ ಅಡ್ಡ ಮಲಗಿದ್ದ ಹೆಮಟೈಟ್‌ನ ಸ್ಪಿನ್‌ಗಳು ಎದ್ದು ಅಕ್ಷದ ಗುಂಟ ನಿಲ್ಲುತ್ತವೆ. 1950ರಲ್ಲಿ ಮೋರಿನ್ ಅವರು ಗುರುತಿಸಿದ ಬದಲಾವಣೆ ಇದು. ಸ್ಪಿನ್ ಅಕ್ಷದ ಗುಂಟ ನಿಂತೊಡನೆ ಆ ಅಕ್ಷದ ಮೂರುಸುತ್ತಿನ ಸಮಮಿತಿ (ಸುತ್ತಿನ ಮೂರನೆಯ ಒಂದು ಭಾಗ ತಿರುಗಿಸಿದರೂ ಹರಳು ಮೊದಲಿನಂತೆ ಕಾಣುವುದು) ಓರೆಗೆ ಒಪ್ಪುವುದಿಲ್ಲ, ದುರ್ಬಲ ಕಾಂತತೆ ಮಾಯವಾಗುತ್ತದೆ. ಅದೇ ಕಲ್ಲು, ಅವೇ ಪರಮಾಣುಗಳು. ಸ್ಪಿನ್ ತಿರುಗಿದ ಮಾತ್ರಕ್ಕೆ ಒಂದು ಗುಣ ಕೈಬಿಟ್ಟುಹೋಯಿತು. ಇನ್ನು ಕ್ರೋಮಿಯಂ ಆಕ್ಸೈಡ್‌ಗೆ ಈ ದುರ್ಬಲ ಕಾಂತತೆ ಏಕಿಲ್ಲ? ವಿಲೋಮ ಮತ್ತು ಕಾಲವಿಲೋಮಗಳ ಜೋಡಿ ಸಮಮಿತಿ ಒಟ್ಟು ಕಾಂತೀಕರಣವನ್ನು ತಿರುಗಿಸಿಬಿಡುತ್ತದೆ, ಆದ್ದರಿಂದ ಅದು ಸೊನ್ನೆಯಾಗಿರಲೇಬೇಕು. ಆಲ್ಫಾಗೆ ಅಪ್ಪಣೆ ಕೊಟ್ಟ ಸಮಮಿತಿಯೇ ಇದಕ್ಕೆ ಬಾಗಿಲು ಹಾಕಿತು.

ಹೊಸ ಸಂಶೋಧನೆ ಹೆಮಟೈಟ್‌ನ ಖಾತೆಗೆ ಇನ್ನೆರಡು ಸಂಗತಿಗಳನ್ನು ಸೇರಿಸಿದೆ. ಹೊರಗೆ ಕಾಂತತೆ ತೋರದೆಯೂ ಒಳಗಿನ ಎಲೆಕ್ಟ್ರಾನ್ ಶಕ್ತಿಮಟ್ಟಗಳು ಸ್ಪಿನ್‌ಗೆ ತಕ್ಕಂತೆ ಸೀಳಿಕೊಳ್ಳುವ ಆಲ್ಟರ್‌ಮ್ಯಾಗ್ನೆಟ್ ಎಂಬ ವರ್ಗವನ್ನು 2022ರಲ್ಲಿ ಶ್ಮೆಯ್‌ಕಾಲ್, ಸಿನೋವ, ಯುಂಗ್‌ವಿರ್ತ್ ಅವರು ವಿಂಗಡಿಸಿದರು. ಜೋಡಿ ಸಮಮಿತಿ ಉಳಿದ ಕ್ರೋಮಿಯಂ ಆಕ್ಸೈಡ್ ಅದರಲ್ಲಿ ಸೇರಲಾರದು, ಹೆಮಟೈಟ್ ಸೇರಬಲ್ಲದು. ಮತ್ತೆ, ಹೆಮಟೈಟ್‌ನ ಒಟ್ಟು ಆಲ್ಫಾ ಸೊನ್ನೆಯಾದರೂ ಒಂದೊಂದು ಕಬ್ಬಿಣದ ಅಯಾನೂ ತನ್ನ ಮಟ್ಟಿಗೆ ವಿದ್ಯುತ್ ಕ್ಷೇತ್ರಕ್ಕೆ ಕಾಂತೀಯವಾಗಿ ಓಗೊಡುತ್ತದೆ. ನಾವು ಕಾಗದದ ಮೇಲೆ ಕಂಡ ಹಾಗೆ ಆ ಓಗೊಡುವಿಕೆಗಳು ಪರಸ್ಪರ ಅಳಿಸಿಕೊಳ್ಳುತ್ತವೆ, ಅಷ್ಟೇ. ಈ ಒಳಗುಟ್ಟನ್ನು ಜೂರಿಕ್‌ನ ನಿಕೋಲಾ ಸ್ಪಾಲ್ಡಿನ್ ಅವರ ಬಳಗ 2023ರಲ್ಲಿ ಲೆಕ್ಕ ಹಾಕಿ ತೋರಿಸಿತು.

6. ಪಟ್ಟಿ ಮತ್ತು ಪ್ರಮಾಣ

ಸ್ಪಿನ್‌ಗಳನ್ನೂ ಎಣಿಕೆಗೆ ತೆಗೆದುಕೊಂಡರೆ ಹರಳುಗಳ ಬಿಂದು ಸಮಮಿತಿಯ ವರ್ಗಗಳು 32ರಿಂದ 122ಕ್ಕೆ ಏರುತ್ತವೆ. ಅವುಗಳಲ್ಲಿ 58 ವರ್ಗಗಳು ರೇಖೀಯ, ಎಂದರೆ ಕೊಟ್ಟ ಕ್ಷೇತ್ರಕ್ಕೆ ನೇರ ಅನುಪಾತದಲ್ಲಿರುವ, ಕಾಂತವಿದ್ಯುತ್ ಪರಿಣಾಮಕ್ಕೆ ಅವಕಾಶ ಕೊಡುತ್ತವೆ. ತನ್ನಷ್ಟಕ್ಕೆ ಧ್ರುವೀಕರಣವನ್ನೂ ತನ್ನಷ್ಟಕ್ಕೆ ಕಾಂತೀಕರಣವನ್ನೂ ಒಟ್ಟಿಗೆ ಇಟ್ಟುಕೊಳ್ಳಬಲ್ಲ ವರ್ಗಗಳು 13 ಮಾತ್ರ. ಇಂಥ ಪಟ್ಟಿಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. 1957ರಿಂದ 1962ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸೂರಿ ಭಗವಂತಂ ಅವರು ಗುಂಪು ಸಿದ್ಧಾಂತವನ್ನು ಹರಳುಗಳಿಗೆ ಅನ್ವಯಿಸಿದವರಲ್ಲಿ ಪ್ರಮುಖರು. ಹರಳಿನ ಸಮಮಿತಿ ಮತ್ತು ಭೌತ ಗುಣಗಳನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1966ರಲ್ಲಿ ಬಂತು. ಯಾವ ವರ್ಗದಲ್ಲಿ ಯಾವ ಗುಣಕ್ಕೆ ಎಷ್ಟು ಸ್ವತಂತ್ರ ಗುಣಾಂಕಗಳು ಉಳಿಯುತ್ತವೆ ಎಂಬ ಲೆಕ್ಕ ಅದರ ಜೀವಾಳ.

ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪರಿಣಾಮ ದೊಡ್ಡದಾಗುವುದಿಲ್ಲ. ಕ್ರೋಮಿಯಂ ಆಕ್ಸೈಡ್‌ನ ಆಲ್ಫಾ ಹೆಚ್ಚೆಂದರೆ ಮೀಟರಿಗೆ 4 ಪಿಕೊಸೆಕೆಂಡಿನಷ್ಟು. ಅರ್ಥವಾಗುವಂತೆ ಹೇಳುವುದಾದರೆ, 1 ಮಿಲಿಮೀಟರ್ ದಪ್ಪದ ಹರಳಿಗೆ 1000 ವೋಲ್ಟ್ ಕೊಟ್ಟರೆ ಹುಟ್ಟುವ ಕಾಂತೀಕರಣ ಸುಮಾರು 4 ಮೈಕ್ರೊಟೆಸ್ಲಾಗೆ ಸಮ. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ, ಅದರ ಹತ್ತರಲ್ಲೊಂದು. ಅಳೆಯಬಹುದು, ಯಂತ್ರ ನಡೆಸಲಾಗದು. ಆಲ್ಫಾ ಎಷ್ಟು ದೊಡ್ಡದಾಗಬಹುದೆಂಬುದಕ್ಕೂ ಮೇಲ್ಮಿತಿ ಇದೆ: ಪದಾರ್ಥವು ವಿದ್ಯುತ್ತಿಗೆ ಎಷ್ಟು ಓಗೊಡುತ್ತದೆ, ಕಾಂತಕ್ಕೆ ಎಷ್ಟು ಓಗೊಡುತ್ತದೆ ಎಂಬ ಎರಡರ ಗುಣಲಬ್ಧವನ್ನು ಆಲ್ಫಾದ ವರ್ಗ ಮೀರುವಂತಿಲ್ಲ. ಬ್ರೌನ್, ಹಾರ್ನ್‌ರೈಕ್, ಶ್ಟ್ರಿಕ್ಮನ್ ಅವರು 1968ರಲ್ಲಿ ಇದನ್ನು ತೋರಿಸಿದರು.

ಉಷ್ಣತೆಯ ತೊಡಕು ಇನ್ನೊಂದು. ಎಲೆಕ್ಟ್ರಿಕ್ ವಾಹನಗಳ ಬ್ಯಾಟರಿಯಲ್ಲಿ ಬಳಸುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಹೆಸರು ನೀವು ಕೇಳಿರುತ್ತೀರಿ. ಬ್ಯಾಟರಿಗೆ ಅದು ಒದಗುತ್ತದೆಂದು 1997ರಲ್ಲಿ ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್ ಅವರು ತೋರಿಸಿದರು. ಅದೇ ಪದಾರ್ಥ ಚೆನ್ನಾಗಿ ತಣಿದಾಗ ಆಂಟಿಫೆರೋಮ್ಯಾಗ್ನೆಟ್ ಆಗುತ್ತದೆ. ಸ್ಪಿನ್‌ಗಳ ಜೋಡಣೆ ಕ್ರೋಮಿಯಂ ಆಕ್ಸೈಡ್‌ನಲ್ಲಿ ಕಂಡ ಷರತ್ತನ್ನೇ ಪೂರೈಸುವುದರಿಂದ ಕಾಂತವಿದ್ಯುತ್ ಪರಿಣಾಮವೂ ಇದೆ. ಆದರೆ ನೀಲ್ ಉಷ್ಣತೆ ಸುಮಾರು 50 ಕೆಲ್ವಿನ್, ಎಂದರೆ ಸೊನ್ನೆಗಿಂತ 223 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇದರಲ್ಲಿ ಕಬ್ಬಿಣದ ಅಯಾನುಗಳ ನಡುವಿನ ಕೊಂಡಿ ದುರ್ಬಲವಾದ್ದರಿಂದ ಕ್ರಮ ಬೇಗ ಕದಡಿಹೋಗುತ್ತದೆ. ಸಮಮಿತಿ ಅಪ್ಪಣೆ ಕೊಟ್ಟರೂ ರಸಾಯನಶಾಸ್ತ್ರ ಬೆಲೆ ಕೇಳುತ್ತದೆ.

7. ಬಿಸ್ಮತ್ ಫೆರೈಟ್: ಅಪ್ಪಣೆ ಸಿಕ್ಕೂ ಕೈಗೆ ಬಾರದ್ದು

ಕಬ್ಬಿಣದ ಬಲವಾದ ಕ್ರಮ, ಮುರಿದ ವಿಲೋಮ ಸಮಮಿತಿ, ಎರಡೂ ಒಂದೇ ಕಡೆ ಸಿಗಬಾರದೇ? ಬಿಸ್ಮತ್ ಫೆರೈಟ್‌ನಲ್ಲಿ ಸಿಗುತ್ತವೆ. ಬಿಸ್ಮತ್ ಅಯಾನಿನ ಹೊರ ಕವಚದಲ್ಲಿ ಬಂಧಕ್ಕೆ ಸೇರದ ಎಲೆಕ್ಟ್ರಾನ್ ಜೋಡಿಯೊಂದಿದೆ. ಅದು ಒಂದು ಬದಿಗೆ ವಾಲಿಕೊಂಡು ಅಯಾನನ್ನೇ ನಡುವಿನಿಂದ ಸರಿಸುತ್ತದೆ, ಹರಳು ಧ್ರುವೀಕರಣ ಪಡೆಯುತ್ತದೆ. ಈ ಧ್ರುವೀಕರಣ ಸುಮಾರು 830 ಡಿಗ್ರಿ ಸೆಲ್ಸಿಯಸ್‌ವರೆಗೂ ಉಳಿಯುತ್ತದೆ. ಕಾಂತಕ್ರಮ 370 ಡಿಗ್ರಿಯವರೆಗೆ. ಕೋಣೆಯ ಉಷ್ಣತೆಯಲ್ಲಿ ಎರಡೂ ಗಟ್ಟಿ.

ಇಷ್ಟಿದ್ದೂ ಸಾಮಾನ್ಯ ಹರಳಿನಲ್ಲಿ ರೇಖೀಯ ಕಾಂತವಿದ್ಯುತ್ ಪರಿಣಾಮ ಕಾಣಿಸಲಿಲ್ಲ. ಕಾರಣ ಸಿಕ್ಕಿದ್ದು 1982ರಲ್ಲಿ, ಸೊಸ್ನೊವ್‌ಸ್ಕ ಮತ್ತು ಸಂಗಡಿಗರ ನ್ಯೂಟ್ರಾನ್ ಪ್ರಯೋಗದಿಂದ. ನೆರೆಹೊರೆಯ ಸ್ಪಿನ್‌ಗಳು ವಿರುದ್ಧವಾಗಿಯೇ ಇದ್ದರೂ ಒಟ್ಟು ಜೋಡಣೆ ಸಾಗುತ್ತ ಸಾಗುತ್ತ ನಿಧಾನವಾಗಿ ಹೊರಳುತ್ತದೆ. ಸುಮಾರು 62 ನ್ಯಾನೋಮೀಟರ್ ಹೋಗುವಷ್ಟರಲ್ಲಿ ಪೂರ್ತಿ ಒಂದು ಸುತ್ತು. ಒಂದು ಕಡೆ ಹುಟ್ಟಿದ ಆಲ್ಫಾವನ್ನು ಅರ್ಧ ಸುತ್ತಿನಾಚೆಯದು ಅಳಿಸಿಹಾಕುತ್ತದೆ. ಓರೆ ಸ್ಪಿನ್‌ನ ದುರ್ಬಲ ಕಾಂತತೆಗೂ ಅದೇ ಗತಿ. ಈ ಸುರುಳಿ ಹುಟ್ಟಲು ಕಾರಣವೂ ಮುರಿದ ವಿಲೋಮ ಸಮಮಿತಿಯೇ. ಅಪ್ಪಣೆ ಕೊಟ್ಟ ಕೈಯೇ ಅದನ್ನು ಅಳಿಸಿಯೂ ಬಿಟ್ಟಿತು.

ಸುರುಳಿಯನ್ನು ಬಿಚ್ಚಲು ದಾರಿಗಳಿವೆ. ಸುಮಾರು 20 ಟೆಸ್ಲಾದ ಕಾಂತಕ್ಷೇತ್ರ ಹಚ್ಚಿದರೆ ಅದು ಬಿಚ್ಚಿಕೊಳ್ಳುತ್ತದೆ, ಅಡಗಿದ್ದ ಪರಿಣಾಮ ಎದ್ದು ಬರುತ್ತದೆ. ಆದರೆ ಅಷ್ಟು ದೊಡ್ಡ ಕ್ಷೇತ್ರ ಎಲ್ಲ ಕಡೆ ಸಿಗುವಂಥದಲ್ಲ. ಬೇರೆ ಹರಳಿನ ಮೇಲೆ ತೆಳು ಪದರವಾಗಿ ಬೆಳೆಸಿ ಹಿಗ್ಗಿಸಿ ಕುಗ್ಗಿಸಿದರೂ ಸುರುಳಿ ಸಡಿಲುತ್ತದೆ. 2003ರಲ್ಲಿ ರಾಮಮೂರ್ತಿ ರಮೇಶ್ ಅವರ ಬಳಗ ಪ್ರಕಟಿಸಿದ ತೆಳುಪದರದ ಕೆಲಸ ಈ ಪದಾರ್ಥಕ್ಕೆ ಹೊಸ ಬದುಕು ಕೊಟ್ಟಿತು. ರಮೇಶ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹವಿಜ್ಞಾನ ಓದಿದವರು. 2006ರಲ್ಲಿ ವೋಲ್ಟೇಜಿನಿಂದಲೇ ಬಿಸ್ಮತ್ ಫೆರೈಟ್‌ನ ಕಾಂತವಲಯಗಳನ್ನು ಬದಲಿಸಬಹುದೆಂದು ತೋರಿಸಿದರು. 2014ರಲ್ಲಿ ಅದರ ಮೇಲೆ ಕೂರಿಸಿದ ಕೋಬಾಲ್ಟ್–ಕಬ್ಬಿಣದ ಪದರದ ಕಾಂತೀಕರಣವನ್ನು ಕೋಣೆಯ ಉಷ್ಣತೆಯಲ್ಲೇ ವೋಲ್ಟೇಜ್ ಕೊಟ್ಟು ತಿರುಗಿಸಿದರು. ಕಾಂತವನ್ನು ತಿರುಗಿಸಲು ಪ್ರವಾಹ ಹರಿಸಿದರೆ ತಂತಿ ಬಿಸಿಯಾಗಿ ಶಕ್ತಿ ಪೋಲಾಗುತ್ತದೆ, ವೋಲ್ಟೇಜ್ ಸಾಕೆಂದಾದರೆ ಆ ಪೋಲು ಬಹಳ ತಗ್ಗುತ್ತದೆ. ಕಂಪ್ಯೂಟರ್ ಚಿಪ್ ಕಂಪನಿಗಳಿಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿರುವುದು ಇದರಿಂದ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಹೋದ್ಯೋಗಿಗಳೂ ವಿದ್ಯುತ್ ಕ್ರಮ, ಕಾಂತಕ್ರಮ ಎರಡೂ ಇರುವ ಆಕ್ಸೈಡುಗಳ ಮೇಲೆ ಕೆಲಸ ಮಾಡಿದ್ದಾರೆ.

8. ಕೊನೆಯ ಮಾತು

ಇಷ್ಟು ಹೇಳಿದ ಮೇಲೆ ನನ್ನ ನಿಲುವನ್ನು ಒಟ್ಟುಗೂಡಿಸುತ್ತೇನೆ. ಸಮಮಿತಿ ಯಾವ ಪರಿಣಾಮದ ಪ್ರಮಾಣವನ್ನೂ ಹೇಳುವುದಿಲ್ಲ. ಏನು ಆಗಲಾರದು ಎಂಬುದನ್ನು ಮಾತ್ರ ಅದು ಖಚಿತವಾಗಿ ಹೇಳುತ್ತದೆ. ಆಗಲಾರದ್ದನ್ನು ಬದಿಗಿಟ್ಟರೆ ಹುಡುಕಬೇಕಾದ ಜಾಗ ಚಿಕ್ಕದಾಗುತ್ತದೆ. ಅರವತ್ತು ವರ್ಷ ಕಾದರೂ ಸಿಗದಿದ್ದದ್ದು, ಲೆಕ್ಕ ಸರಿಯಾದ ಮರುವರ್ಷವೇ ಸಿಕ್ಕಿದ್ದು ಹೀಗೆ.

ಇಲ್ಲಿರುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ನಮ್ಮ ಪದವಿ ತರಗತಿಗಳಲ್ಲಿ ಹರಳಿನ ಸಮಮಿತಿಯೆಂದರೆ ಏಳು ವ್ಯವಸ್ಥೆ, ಹದಿನಾಲ್ಕು ಜಾಲಕಗಳ ಹೆಸರು ಬಾಯಿಪಾಠ ಮಾಡಿಸಿ ಮುಂದೆ ಸಾಗುವ ಅಧ್ಯಾಯ. ದಯವಿಟ್ಟು ಅದಕ್ಕೆ ಇನ್ನೊಂದು ತರಗತಿ ಹೆಚ್ಚು ಕೊಡಿ. ನಾಲ್ಕು ಅಯಾನುಗಳ ಸಾಲನ್ನು ಕರಿಹಲಗೆಯ ಮೇಲೆ ಬರೆದು, ಎರಡು ಬಗೆಯಲ್ಲಿ ಸ್ಪಿನ್ ತುಂಬಿಸಿ, ಯಾವುದಕ್ಕೆ ಅಪ್ಪಣೆ ಇದೆ ಎಂದು ವಿದ್ಯಾರ್ಥಿಗಳಿಂದಲೇ ಹೇಳಿಸಿ. ಅದಕ್ಕೆ ನ್ಯೂಟ್ರಾನ್ ಯಂತ್ರವೂ ಬೇಡ, ದುಬಾರಿ ಹರಳೂ ಬೇಡ. ವಿದ್ಯಾರ್ಥಿಗಳಿಗೂ ಒಂದು ಮಾತು: ಹೊಸ ಪದಾರ್ಥವೊಂದರ ಹೆಸರು ಓದಿದಾಗ ಅದು ಎಷ್ಟು ಬಲವಾದ ಕಾಂತ ಎಂದು ಕೇಳುವ ಮೊದಲು, ಅದರ ಸ್ಪಿನ್‌ಗಳು ಹೇಗೆ ಜೋಡಿಸಿಕೊಂಡಿವೆ ಎಂದು ಕೇಳಿ.